ಕಾಂಕರ್ಡ್ ಸೇತುವೆಯ ಬಳಿ

ಬಾಸ್ಟನ್ ಬಂದರಿನಲ್ಲಿ ಹಗ್ಗ ಕಟ್ಟಿದ ಚಹಾ ಪೆಟ್ಟಿಗೆಯನ್ನು ಪ್ರವಾಸಿಗರು ಕಡಲಿಗೆಸೆದು ಮತ್ತೆ ಮೇಲೆಳೆದುಕೊಳ್ಳುವ ಆಟವೊಂದಿದೆ. ಅದು ನನಗೆ ಸ್ವಲ್ಪವೂ ರುಚಿಸಲಿಲ್ಲ. 1773ರ ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳನ್ನೇರಿ, ಈಸ್ಟ್ ಇಂಡಿಯಾ ಕಂಪನಿಯ ಮುನ್ನೂರಕ್ಕೂ ಹೆಚ್ಚು ಪೆಟ್ಟಿಗೆ ಚಹಾವನ್ನು ನೀರುಪಾಲು ಮಾಡಿದವರು ಜೀವವನ್ನು ಪಣಕ್ಕಿಟ್ಟು ಬಂದವರು. ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಅಮೆರಿಕದ ವಸಾಹತಿನ ಆ ಸಿಟ್ಟು ಬಂದೂಕಿನವರೆಗೆ ಹೇಗೆ ಬೆಳೆಯಿತೆಂದು ತಿಳಿಯಬೇಕಾದರೆ ಹತ್ತಿರದ ಊರಾದ ಕಾಂಕರ್ಡ್‌ಗೆ ಹೋಗಬೇಕು.

ನಾನು ಹೋದದ್ದು ಭಾನುವಾರ. ರೈಲು ನಿಲ್ದಾಣದಿಂದ ಕಾಳಗ ನಡೆದ ಸೇತುವೆಯಾದ ನಾರ್ತ್ ಬ್ರಿಡ್ಜ್‌ಗೆ ಸುಮಾರು ಎರಡು ಕಿಲೋಮೀಟರ್ ನಡಿಗೆ, ದಾರಿ ಸೊಗಸಾಗಿದೆ. ಆದರೆ ವಾರಾಂತ್ಯದಲ್ಲಿ ರೈಲುಗಳು ಬಹಳ ವಿರಳ. ಮರಳುವ ರೈಲಿನ ಹೊತ್ತನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅದು ತಪ್ಪಿದ ನಾನು ಕತ್ತಲಾಗುವವರೆಗೆ ಚಳಿಯಲ್ಲಿ ಬೆಂಚಿನ ಮೇಲೆ ಕುಳಿತಿರಬೇಕಾಯಿತು.

ರೈಲು ತಪ್ಪಿದ್ದು ಒಂದು ಮಾತುಕತೆಯಿಂದ. ಈಗಿರುವ ಮರದ ಸೇತುವೆ ಮರುನಿರ್ಮಾಣಗೊಂಡದ್ದು. ಅದರಾಚೆ ಒಂದು ಕೈ ನೇಗಿಲ ಮೇಲೆ, ಇನ್ನೊಂದರಲ್ಲಿ ಬಂದೂಕು ಹಿಡಿದ ರೈತನ ಕಂಚಿನ ವಿಗ್ರಹವಿದೆ. ಅದರ ಬುಡದಲ್ಲಿ ನಿಂತಿದ್ದ ಉದ್ಯಾನದ ಹಿರಿಯ ಮಾರ್ಗದರ್ಶಿಯೊಬ್ಬರನ್ನು, ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ: ಬ್ರಿಟಿಷ್ ಪಾರ್ಲಿಮೆಂಟಿನ 1773ರ ಚಹಾ ಕಾಯಿದೆಯಿಂದ ಚಹಾದ ಬೆಲೆ ಇಳಿಯುವುದಿತ್ತಲ್ಲ, ಹಾಗಿದ್ದರೂ ಜನ ರೊಚ್ಚಿಗೆದ್ದದ್ದೇಕೆ?

"ನಿಮ್ಮ ಮನೆಯ ಹಣದ ಪೆಟ್ಟಿಗೆಗೆ ಹೊರಗಿನವನೊಬ್ಬ ಕೈಹಾಕಿ, ಈ ಸಲ ಕಡಿಮೆಯೇ ತೆಗೆದುಕೊಂಡಿದ್ದೇನೆ ಎಂದರೆ ಒಪ್ಪುತ್ತೀರಾ?" ಎಂದು ಆಕೆ ತಿರುಗಿ ಕೇಳಿದರು.

ತಮ್ಮ ಪ್ರತಿನಿಧಿಯೊಬ್ಬನೂ ಇಲ್ಲದ ಪಾರ್ಲಿಮೆಂಟು ತೆರಿಗೆ ಹಾಕಕೂಡದೆಂಬ ತಕರಾರು ಕಾಗದಪತ್ರಗಳ ಮೇಲೆ ತೆರಿಗೆ ಹಾಕಿದ 1765ರ ಸ್ಟಾಂಪ್ ಕಾಯಿದೆಯ ಕಾಲದಿಂದಲೂ ಇತ್ತು. ಆದರೆ ಚಹಾ ಕುಡಿಯದ ಹಳ್ಳಿಯ ರೈತನನ್ನೂ ತಟ್ಟಿದ್ದು ಚಹಾ ಚೆಲ್ಲಿದ್ದಕ್ಕೆ ಶಿಕ್ಷೆಯಾಗಿ ಬಂದ 1774ರ ಕಾಯಿದೆಗಳು ಎಂದು ಅವರು ವಿವರಿಸಿದರು. ಬಂದರನ್ನು ಮುಚ್ಚಿದ್ದಲ್ಲದೆ, ರಸ್ತೆ, ಶಾಲೆ, ತೆರಿಗೆಗಳನ್ನೆಲ್ಲ ಊರವರೇ ಕೂಡಿ ತೀರ್ಮಾನಿಸುತ್ತಿದ್ದ ಊರಸಭೆಯನ್ನೂ, ವರ್ಷಕ್ಕೊಂದನ್ನು ಬಿಟ್ಟರೆ, ಗವರ್ನರನ ಅಪ್ಪಣೆಯಿಲ್ಲದೆ ಸೇರಿಸುವಂತಿಲ್ಲ ಎಂದಾಯಿತು. ನೇಗಿಲು ಬಿಟ್ಟು ಬಂದೂಕು ಹಿಡಿಯುವಂತೆ ಮಾಡಿದ ಕಾರಣ ನನಗೆ ಇಲ್ಲಿ ಸ್ಪಷ್ಟವಾಗಿ ಕಂಡಿತು. 1775ರ ಏಪ್ರಿಲ್ 19ರ ಬೆಳಿಗ್ಗೆ ಎದುರಿನ ದಿಬ್ಬದ ಮೇಲೆ ಸೇರಿದ್ದ ಸುಮಾರು 400 ಜನ ಊರಿನ ಕಡೆಯಿಂದ ಏಳುತ್ತಿದ್ದ ಹೊಗೆಯನ್ನು ಕಂಡು, ಬ್ರಿಟಿಷ್ ಸೈನಿಕರು ಮನೆಗಳನ್ನೇ ಸುಡುತ್ತಿದ್ದಾರೆಂದು ಭಾವಿಸಿ ಸೇತುವೆಯತ್ತ ಇಳಿದರು. ನಿಜವಾಗಿ ಉರಿಯುತ್ತಿದ್ದದ್ದು ಊರಲ್ಲಿ ಕೂಡಿಟ್ಟಿದ್ದ ಫಿರಂಗಿ ಗಾಡಿಗಳಂಥ ಸಾಮಗ್ರಿ. ಗುಂಡು ಹಾರಿತು, ಆಕ್ಟನ್ ಊರಿನ ಕ್ಯಾಪ್ಟನ್ ಐಸಾಕ್ ಡೇವಿಸ್ ಅಲ್ಲೇ ಬಿದ್ದ.

ಸ್ವಾತಂತ್ರ್ಯ ಯಾರದೆಂದೂ ಕೇಳಿದೆ. ಈ ಊರಿನಲ್ಲೂ ಗುಲಾಮರಿದ್ದರು. ಆಕೆ ಮಾತು ಮರೆಸದೆ, ಒಮ್ಮೆ ಗುಲಾಮನಾಗಿದ್ದು ಇದೇ ಯುದ್ಧದಲ್ಲಿ ಹೋರಾಡಿದ ಸೀಸರ್ ರಾಬಿನ್ಸ್‌ನ ಕುಟುಂಬದ ಮನೆ ರಸ್ತೆಯಾಚೆಗಿದೆ, ತಪ್ಪದೆ ನೋಡಿ ಎಂದರು.

ಸೇತುವೆಯ ಈಚೆ, ಕಲ್ಲುಗೋಡೆಯ ಬದಿಯಲ್ಲಿ, ಅಂದು ಸತ್ತ ಬ್ರಿಟಿಷ್ ಸೈನಿಕರ ಸಮಾಧಿಯಿದೆ. ಮೂರು ಸಾವಿರ ಮೈಲಿ ದಾಟಿ ಬಂದು ಸತ್ತರು, ಅವರ ತಾಯಿಯ ನರಳಿಕೆ ಕಡಲಾಚೆ ಯಾರಿಗೂ ಕೇಳಿಸಲಿಲ್ಲ ಎಂಬರ್ಥದ ಸಾಲುಗಳು ಫಲಕದ ಮೇಲಿವೆ, ಹೆಸರುಗಳಿಲ್ಲ. ಕಾವೇರಿಯ ದಂಡೆಯಲ್ಲಿ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನು ಕಂಡಿದ್ದ ನನಗೆ ಗಂಟಲು ಕಟ್ಟಿತು. ನಮ್ಮಲ್ಲೂ ಹೀಗೆಯೇ ಹೊಳೆಯ ಪಕ್ಕದಲ್ಲಿ ಅವರು ಮಲಗಿದ್ದಾರೆ ಎಂದೆ.

ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಮಾತು ಬಂದದ್ದು ಹಾಗೆ. ವಸಾಹತುಗಳ ಮೇಲೆ ಯಾವ ಕಾನೂನನ್ನಾದರೂ ಹೇರುವ ಹಕ್ಕು ಪಾರ್ಲಿಮೆಂಟಿಗಿದೆ ಎಂಬ 1766ರ ಮಸೂದೆಯನ್ನು ವಿರೋಧಿಸಿದ ಐವರು ಲಾರ್ಡುಗಳಲ್ಲಿ ಆತನೂ ಒಬ್ಬನೆಂದು ಆಕೆ ಹೇಳಿದಾಗ ನಾನು ಬೆರಗಾದೆ. ಅದೇ ಮನುಷ್ಯ ಸೈನ್ಯದೊಂದಿಗೆ ಇಲ್ಲಿಗೆ ಬಂದು 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತ. ಆಕೆ ಹೇಳುವ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆತ ಮುಂದೆ ಗವರ್ನರ್ ಜನರಲ್ ಆಗಿ ನಮ್ಮಲ್ಲಿಗೆ ಬಂದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಅವನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕರೆದೊಯ್ದದ್ದನ್ನು ನಾನು ಹೇಳಿದೆ. ಮಕ್ಕಳ ವಯಸ್ಸೆಷ್ಟೆಂದು ಕೇಳಿದರು. ಇನ್ನೂ ಎಳೆಯರು ಎಂದೆ. ಆಕೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಶ್ರೀರಂಗಪಟ್ಟಣ ಎಂಬ ಹೆಸರನ್ನು ನನ್ನಿಂದ ಎರಡು ಸಲ ಹೇಳಿಸಿ ಬರೆದುಕೊಂಡರು.