ದಿನಾ ಡಿಕ್ಕಿ ಹೊಡೆಸೋದೇನಾ ನಿಮ್ಮ ಕೆಲಸ?

ಅಲ್ಲ. ಪರಮಾಣು ನ್ಯೂಕ್ಲಿಯಸ್‌ಗಳ ಡಿಕ್ಕಿಯಿಂದ ಚಿಮ್ಮುವ ಕಣಗಳನ್ನು ಅಳೆಯುವ ಭೌತವಿಜ್ಞಾನಿಗಳು ನಾವು. ಡಿಕ್ಕಿ ಹೊಡೆಸೋದು ಕಣ ವೇಗವರ್ಧಕದ ಎಂಜಿನಿಯರುಗಳ ಕೆಲಸ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ವೇಗವರ್ಧಕವಾದ ಎಲ್‌ಎಚ್‌ಸಿಯಲ್ಲಿ ಸೀಸದ ನ್ಯೂಕ್ಲಿಯಸ್‌ಗಳು ಓಡುವುದೇ ವರ್ಷಕ್ಕೆ ಸುಮಾರು ಒಂದು ತಿಂಗಳು. ಕೆಲವು ವರ್ಷ ಅದೂ ಇಲ್ಲ. ಮಿಕ್ಕ ದಿನ ನಾವು ಕೈಕಟ್ಟಿ ಕೂತಿರುತ್ತೇವೆ ಅಂತ ನಿಮ್ಮ ಲೆಕ್ಕ ಇರಬೇಕು. "ಬಟನ್ ಒತ್ತೋದು ತಾನೇ?" ಅನ್ನುವ ಬಾಲ ಬೇರೆ. ಬಟನ್ ಇಲ್ಲ ಸ್ವಾಮಿ, ಶಿಫ್ಟ್ ಇದೆ. ಎಂಟು ಗಂಟೆ ಪರದೆ ನೋಡಿ, ಯಾವುದಾದರೂ ಚೌಕ ಕೆಂಪಾದರೆ ತಜ್ಞರಿಗೆ ಫೋನ್ ಮಾಡಿ, ಲಾಗ್‌ಬುಕ್ಕಿಗೆ ಬರೆದಿಡಬೇಕು. ರೋಮಾಂಚನ ಅಷ್ಟೇ.

ಹೆಚ್ಚಿನ ಆಯುಷ್ಯ ಹೋಗುವುದು ಕ್ಯಾಲಿಬ್ರೇಶನ್‌ಗೆ, ಅಂದರೆ ಉಪಕರಣದ ಅಳತೆ ಸರಿಹೊಂದಿಸುವುದಕ್ಕೆ. ಎಲ್‌ಎಚ್‌ಸಿಯ ಆಲಿಸ್ ಪ್ರಯೋಗದಲ್ಲಿ ಕಣಗಳ ಜಾಡು ಹಿಡಿಯುವ ಡಿಟೆಕ್ಟರ್ ಟಿಪಿಸಿ ಅನ್ನುವುದು ಸುಮಾರು 5 ಮೀಟರ್ ಉದ್ದದ, ಗ್ಯಾಸ್ ತುಂಬಿದ ಸಿಲಿಂಡರ್; ನಡುವಿನ ಎಲೆಕ್ಟ್ರೋಡಿಗೆ 100 ಕಿಲೋವೋಲ್ಟ್. ಕಣ ಹಾದುಹೋದ ದಾರಿಯಲ್ಲಿ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ತುದಿಯತ್ತ ತೇಲುತ್ತವೆ. ಪೂರಾ 2.5 ಮೀಟರ್ ದಾಟಲು ಸುಮಾರು 100 ಮೈಕ್ರೋಸೆಕೆಂಡ್. ತಲುಪಿದ ಹೊತ್ತು ನೋಡಿ ಹೊರಟ ಜಾಗ ಲೆಕ್ಕ ಹಾಕುತ್ತೇವೆ. ಗ್ಯಾಸಿನ ತಾಪಮಾನವೋ ಒತ್ತಡವೋ ಚೂರು ಬದಲಾದರೂ ಎಲೆಕ್ಟ್ರಾನ್‌ ತೇಲುವ ವೇಗ ಬದಲಾಗುತ್ತದೆ. ಸಾವಿರದಲ್ಲೊಂದು ಪಾಲು ತಪ್ಪಿದರೆ ಜಾಗ 2.5 ಮಿಲಿಮೀಟರ್‌ವರೆಗೂ ಆಚೀಚೆ. ನಮಗೆ ಬೇಕಾದದ್ದು ಮಿಲಿಮೀಟರಿಗಿಂತ ಸೂಕ್ಷ್ಮ. ಅದಕ್ಕೇ ಅಷ್ಟು ದೊಡ್ಡ ಸಿಲಿಂಡರಿನ ತುಂಬ ತಾಪಮಾನವನ್ನು 0.1 ಡಿಗ್ರಿಯ ಆಸುಪಾಸಿನಲ್ಲಿ ಸಮವಾಗಿಡುವ ಪಾಡು. ಸಾಲದ್ದಕ್ಕೆ ಗ್ಯಾಸಿನಲ್ಲಿ ಉಳಿದ ಅಯಾನುಗಳು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು) ವಿದ್ಯುತ್ ಕ್ಷೇತ್ರವನ್ನೇ ಸೊಟ್ಟಗಾಗಿಸಿ ಗುರುತುಗಳನ್ನು ಸೆಂಟಿಮೀಟರುಗಟ್ಟಲೆ ಸರಿಸುತ್ತವೆ.

ಇಷ್ಟು ಕೇಳುವವರು "ಕಾಣದೆ ತಪ್ಪಿಸಿಕೊಂಡ ಕಣಗಳಿಗೆ ಏನು ಮಾಡ್ತೀರಿ?" ಅಂತ ಒಂದು ಸಲವಾದರೂ ಕೇಳಬಾರದೇ? ಡಿಟೆಕ್ಟರನ್ನು ಪೂರ್ತಿಯಾಗಿ ಕಂಪ್ಯೂಟರಿನೊಳಗೆ ಕಟ್ಟಿ, ಅದರಲ್ಲಿ ನಕಲಿ ಡಿಕ್ಕಿ ನಡೆಸುತ್ತೇವೆ. ನೂರು ಕಣ ಬಿಟ್ಟಲ್ಲಿ ಎಂಬತ್ತು ಸಿಕ್ಕರೆ, ಅಸಲಿ ಎಣಿಕೆಯನ್ನು 0.8ರಿಂದ ಭಾಗಿಸಬೇಕು. ಮಾದರಿಯಲ್ಲಿ ಒಂದು ಕೇಬಲ್ ಕಂತೆ ಬಿಟ್ಟುಹೋಗಿದ್ದರೆ ಭಾಗಾಕಾರವೇ ಕೆಟ್ಟಿತು. ಹಾಗಾಗಿ, ಬೆಳಕಿನ ಕಣಗಳಾದ ಫೋಟಾನ್‌ಗಳು ಡಿಟೆಕ್ಟರಿನ ವಸ್ತುವಿನಲ್ಲಿ ಎಲೆಕ್ಟ್ರಾನ್‌-ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಜೋಡಿಯಾಗುವ ಜಾಗಗಳನ್ನು ಗುರುತಿಸುತ್ತೇವೆ. ಜೋಡಿ ಹೆಚ್ಚಿದ್ದಲ್ಲಿ ವಸ್ತುವೂ ಹೆಚ್ಚು. ಡಿಟೆಕ್ಟರ್ ತನ್ನ ಎಕ್ಸ್‌ರೇ ತಾನೇ ತೆಗೆದುಕೊಂಡ ಹಾಗೆ. ಮಾದರಿಗೆ ತಾಳೆಯಾಗದಿದ್ದರೆ ಅದನ್ನು ತಿದ್ದಿ, ನಕಲಿ ಡಿಕ್ಕಿಗಳನ್ನೆಲ್ಲ ಮತ್ತೆ ಮೊದಲಿಂದ.

ಕೊನೆಗೊಂದು ಪ್ರಬಂಧ. ಲೇಖಕರು ಸುಮಾರು ಸಾವಿರ ಜನ, ಹೆಸರುಗಳು ಅಕ್ಷರಾನುಕ್ರಮದಲ್ಲಿ. ತಾಪಮಾನ ಕಾದವರು ಯಾರು, ಭಾಗಾಕಾರ ಮಾಡಿದವರು ಯಾರು ಅಂತ ಅದನ್ನು ನೋಡಿದರೆ ತಿಳಿಯುವುದಿಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಯಾರು ಏನು ಮಾಡಿದರು ಅಂತ ಹೇಳಬೇಕಾದ್ದು ಶಿಫಾರಸು ಪತ್ರ.