ಕಟ್ಟೆ ಮೇಲಿನ ಜೀನ್ಸ್ ಕೆಲಸ

ಬಳ್ಳಾರಿಯ ನಮ್ಮ ಓಣಿಯಲ್ಲಿ ಮಧ್ಯಾಹ್ನವಾದರೆ ಹೆಂಗಸರು ಕಟ್ಟೆ ಮೇಲೆ ಜೀನ್ಸ್ ಪ್ಯಾಂಟುಗಳ ರಾಶಿ ಹಾಕಿಕೊಂಡು ಕೂರುತ್ತಾರೆ. ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸುವ ಕೆಲಸ. ಪೀಸಿಗೆ ಇಷ್ಟು ಅಂತ ಕೂಲಿ. ಬೆರಳ ತುದಿಗೆ ಹತ್ತಿದ ನೀಲಿ ಬಣ್ಣ, ಸೋಪು ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. "ರೇಟು ಯಾರು ಕಟ್ತಾರೋ ಗೊತ್ತಿಲ್ಲಮ್ಮ, ತಂದು ಹಾಕೋ ಹುಡುಗ ಹೇಳಿದ್ದೇ ರೇಟು" ಅಂದರು ಪಕ್ಕದ ಮನೆ ಅಕ್ಕ.

ಕಂಪನಿಗಳು ಹೇಗೆ ನಡೆದುಕೊಳ್ಳಬೇಕು ಅಂತ ಕೇಂದ್ರ ಸರ್ಕಾರ 2019ರಲ್ಲಿ 9 ತತ್ವಗಳ ಮಾರ್ಗಸೂಚಿ ತಂದಿತು. ಐದನೆಯದು ಮಾನವ ಹಕ್ಕುಗಳದ್ದೇ. ಷೇರುಪೇಟೆಯ ದೊಡ್ಡ 1,000 ಕಂಪನಿಗಳು 2022–23ರಿಂದ ಇದರ ಲೆಕ್ಕವನ್ನು ವಾರ್ಷಿಕ ವರದಿಯಲ್ಲಿ ಕೊಡಲೇಬೇಕು ಅನ್ನುವುದು ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮ. ಒಳ್ಳೆಯ ಹೆಜ್ಜೆಯೇ. ಆದರೆ ನಿಯಮ ಇದ್ದೂ ನೋಡುವವರಿಲ್ಲದಿದ್ದರೆ ಏನಾಗುತ್ತದೆ ಅಂತ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2011ರಲ್ಲಿ ಇಲ್ಲಿನ ಅಕ್ರಮ ಗಣಿಗಾರಿಕೆ ನಿಲ್ಲಿಸಲು ಸುಪ್ರೀಂ ಕೋರ್ಟೇ ಬರಬೇಕಾಯಿತು ಅಲ್ವಾ?

ಇಲ್ಲಿನ ಜೀನ್ಸ್ ಘಟಕಗಳು ಜಾಸ್ತಿ ಸಣ್ಣವೇ. ಷೇರುಪೇಟೆಗೂ ಅವಕ್ಕೂ ಸಂಬಂಧವಿಲ್ಲ. ಕಟ್ಟೆ ಮೇಲಿನ ಅಕ್ಕಂದಿರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಪೀಸಿನ ದರ ಬರೆದ ಒಂದು ಚೀಟಿ ಇವರ ಕೈಗೂ ಸಿಗಬೇಕು. ಆ ಕೆಲಸವನ್ನು ಕಾರ್ಮಿಕ ಇಲಾಖೆ ನಮ್ಮಂಥ ಓಣಿಗಳಿಂದಲೇ ಶುರು ಮಾಡಲಿ.