ಕಡಿಮೆ ದುಡ್ಡಿನಲ್ಲಿ ಯಾವ ಎಲೆಕ್ಟ್ರಿಕ್ ಗಿಟಾರ್? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಾಸನದಲ್ಲಿ ಗಿಟಾರ್ ಹೇಳಿಕೊಡುತ್ತ, ಬಿಡುವಿನ ವೇಳೆಯಲ್ಲಿ ಗಿಟಾರ್ ರಿಪೇರಿಯನ್ನೂ ಮಾಡುತ್ತ ಬಂದಿರುವ ನನಗೆ, ಪಿಯುಸಿ ಪರೀಕ್ಷೆ ಮುಗಿದಾಗಿನಿಂದ ಕಾಲೇಜುಗಳು ಆರಂಭವಾಗುವವರೆಗೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. "ರಾಕ್ ನುಡಿಸ್ಬೇಕು ಸರ್, ಜಾಸ್ತಿ ದುಡ್ಡಿಲ್ಲ. ಯಾವ ಎಲೆಕ್ಟ್ರಿಕ್ ಗಿಟಾರ್ ತಗೊಳ್ಳಲಿ?" ಹೀಗೆ ಕೇಳುವವರಲ್ಲಿ ಹಾಸನದವರಷ್ಟೇ ಅಲ್ಲ, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಹುಡುಗ ಹುಡುಗಿಯರೂ ಇದ್ದಾರೆ. ಅವರೆಲ್ಲ ನನ್ನಿಂದ ನಿರೀಕ್ಷಿಸುವುದು ಒಂದು ಕಂಪನಿಯ ಹೆಸರನ್ನು. ಆ ಹೆಸರುಗಳನ್ನೂ ಮುಂದೆ ಹೇಳುತ್ತೇನೆ. ಆದರೆ ನನ್ನ ನಿಜವಾದ ಉತ್ತರ ಬೇರೆ: ಶ್ರುತಿ ಹಿಡಿದು ನಿಲ್ಲುವ, ಬೆರಳಿಗೆ ನೋವು ಕೊಡದ ಗಿಟಾರನ್ನು ತೆಗೆದುಕೊಳ್ಳಿ, ಕೈಯಲ್ಲಿರುವ ಹಣವನ್ನೆಲ್ಲ ಗಿಟಾರಿನ ಮೇಲೆಯೇ ಸುರಿಯಬೇಡಿ.

ಶ್ರುತಿಯ ಮಾತನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಕಲಿಯಲು ಬಂದು ಎರಡು ಮೂರು ತಿಂಗಳಲ್ಲಿ ಬಿಟ್ಟುಹೋದವರಲ್ಲಿ ಅನೇಕರ ಗಿಟಾರುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬಿರಡೆ ಸಡಿಲವಾಗಿರುತ್ತದೆ, ತಂತಿ ಬೆರಳಿಡುವ ಮಣೆಯಿಂದ ಬಹಳ ಎತ್ತರದಲ್ಲಿರುತ್ತದೆ, ಶ್ರುತಿ ಮಾಡಿಕೊಟ್ಟ ಹತ್ತು ನಿಮಿಷಕ್ಕೆ ಸ್ವರ ಜಾರಿಹೋಗಿರುತ್ತದೆ. ಹೊಸದಾಗಿ ಕಲಿಯುವವನಿಗೆ ತಪ್ಪು ಗಿಟಾರಿನದೋ ತನ್ನದೋ ಎಂದು ತಿಳಿಯುವುದಿಲ್ಲ. ಅವನು ತನಗೆ ಸ್ವರಜ್ಞಾನವೇ ಇಲ್ಲ ಎಂದು ತೀರ್ಮಾನಿಸಿಕೊಂಡು ಗಿಟಾರನ್ನು ಬೀರುವಿನ ಮೇಲಿಡುತ್ತಾನೆ. ಇದು ನನಗೆ ತುಂಬ ನೋವು ತರುವ ಸಂಗತಿ.

ಎಲೆಕ್ಟ್ರಿಕ್ ಗಿಟಾರಿನ ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದುಕೊಂಡರೆ ಆಯ್ಕೆ ಸುಲಭವಾಗುತ್ತದೆ. ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿರುತ್ತದೆ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗಿ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡಿ ಕೇಳಿಸುವುದು ಆಂಪ್ಲಿಫೈಯರಿನ, ಅಂದರೆ ಆಂಪಿನ, ಕೆಲಸ. ಸಿಂಗಲ್ ಕಾಯಿಲ್ ಎಂಬ ಒಂದೇ ಸುರುಳಿಯ ಪಿಕಪ್ಪಿನ ನಾದ ತಿಳಿಯಾಗಿರುತ್ತದೆ, ಆದರೆ ಸುತ್ತಮುತ್ತಲಿನ ವಯರಿಂಗಿನ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಅದು ಹೀರಿಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಗುಂಯ್ ಸದ್ದನ್ನು ಇನ್ನೊಂದು ಅಳಿಸಿಹಾಕುವಂಥ ಪಿಕಪ್ಪನ್ನು ರೂಪಿಸಿದರು. ಅದೇ ಹಂಬಕರ್. ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದಾಗ ತಂತಿಯ ಸ್ವರದ ಜೊತೆಗೆ ಗುಂಯ್ ಸದ್ದೂ ಹಿಗ್ಗುತ್ತದೆಯಾದ್ದರಿಂದ ರಾಕ್ ನುಡಿಸುವವರಿಗೆ ಹಂಬಕರ್ ಅನುಕೂಲ.

ಹಾಗಾಗಿ ಬ್ರಿಡ್ಜಿನ (ಒಡಲಿನ ಮೇಲೆ ತಂತಿಗಳ ತುದಿ ಕೂರುವ ಭಾಗ) ಪಕ್ಕದಲ್ಲಿ ಒಂದು ಹಂಬಕರ್, ಮಧ್ಯದಲ್ಲೂ ಕುತ್ತಿಗೆಯ ಬಳಿಯೂ ಒಂದೊಂದು ಸಿಂಗಲ್ ಕಾಯಿಲ್ ಇರುವ, ಎಚ್‌ಎಸ್‌ಎಸ್ ಎಂದು ಕರೆಯುವ ಜೋಡಣೆಯನ್ನು ನಾನು ಮೊದಲ ಗಿಟಾರಿಗೆ ಸೂಚಿಸುತ್ತೇನೆ. ಗಡುಸಾದ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ನುಡಿಸುವಾಗ ಸ್ವಿಚ್ಚನ್ನು ಬ್ರಿಡ್ಜಿನ ಕಡೆಗೆ ತಳ್ಳಬಹುದು, ಚಿತ್ರಗೀತೆಗೋ ಚರ್ಚಿನ ಗಾಯನಕ್ಕೋ ಜೊತೆ ನೀಡುವಾಗ ಇನ್ನೊಂದು ಕಡೆಗೆ ತರಬಹುದು. ನಮ್ಮಂಥ ಊರಿನಲ್ಲಿ ಬರೀ ರಾಕ್ ನುಡಿಸಿಕೊಂಡಿರಲು ಅವಕಾಶ ಸಿಗುವುದು ಕಡಿಮೆ.

ಬ್ರಿಡ್ಜಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ತಂತಿಗಳನ್ನು ಬೀಗದಂತೆ ಕಚ್ಚಿಹಿಡಿಯುವ ಫ್ಲಾಯ್ಡ್ ರೋಸ್ ಮಾದರಿಯ ಬ್ರಿಡ್ಜನ್ನು ಕಡಿಮೆ ಬೆಲೆಯ ಗಿಟಾರಿನಲ್ಲಿ ಕೊಳ್ಳಲೇಬಾರದು. ಅಗ್ಗದ ಲೋಹದಲ್ಲಿ ಅದು ಬೇಗ ಸವೆಯುತ್ತದೆ, ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಕದಲದ ಬ್ರಿಡ್ಜ್ ಸಿಕ್ಕರೆ ಅದೇ ಉತ್ತಮ. ಹಿಡಿ ಅಲುಗಿಸಿ ಸ್ವರವನ್ನು ಏರಿಳಿಸುವ ಸಾಮಾನ್ಯ ಟ್ರೆಮೊಲೊ ಬ್ರಿಡ್ಜ್ ಇದ್ದರೂ ತೊಂದರೆಯಿಲ್ಲ, ಅದರ ಹಿಡಿಯನ್ನು ಮೊದಲ ವರ್ಷ ಕಳಚಿಟ್ಟರೆ ಸಾಕು.

ಗಿಟಾರಿನ ಒಡಲು ಯಾವ ಮರದ್ದು ಎಂಬ ಚರ್ಚೆಯಲ್ಲಿ ಹೊಸಬರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಈ ಬೆಲೆಯಲ್ಲಿ ನಾದವನ್ನು ಹೆಚ್ಚಾಗಿ ನಿರ್ಧರಿಸುವುದು ಪಿಕಪ್ ಮತ್ತು ಆಂಪ್. ಆದರೆ ಬೆರಳಿಡುವ ಮಣೆಯ ಬಗ್ಗೆ, ಮಲೆನಾಡಿನವರಿಗೆ ಹೆಮ್ಮೆ ಎನಿಸಬಹುದಾದ ಒಂದು ಮಾತನ್ನು ಹೇಳದೆ ಇರಲಾರೆ. ಜಗತ್ತಿನ ಎಷ್ಟೋ ಗಿಟಾರುಗಳ ಮಣೆಗೆ ಬಳಸುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಕಾಫಿ ತೋಟಗಳ ನೆರಳಿಗೂ ನಿಂತಿರುವ ಬೀಟೆ ಮರ. ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ನಿರ್ಬಂಧ ಬಂದು, ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಆ ನಡುವೆ ಅಗ್ಗದ ಗಿಟಾರುಗಳ ಮಣೆಗೆ ಇಂಡಿಯನ್ ಲಾರೆಲ್ ಬಂದಿತು. ಅದೂ ಪರದೇಶಿಯಲ್ಲ, ನಮ್ಮ ಮತ್ತಿ ಮರವೇ. ಎರಡೂ ಗಟ್ಟಿ ಮರಗಳೇ, ಕಲಿಯುವವರಿಗೆ ಎರಡರಲ್ಲಿ ಯಾವುದಾದರೂ ಆಗುತ್ತದೆ.

ಈಗ ಅಂಗಡಿಯಲ್ಲಿ ಪರೀಕ್ಷಿಸುವ ವಿಚಾರ. ಒಂದೇ ಮಾದರಿಯ ಎರಡು ಗಿಟಾರುಗಳಲ್ಲೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿರುವುದರಿಂದ, ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಮೂಡಿಗೆರೆ ಕಡೆಯ ಒಬ್ಬ ಹುಡುಗ ತನ್ನ ತಂದೆಯನ್ನು ಕರೆದುಕೊಂಡು ಬಂದಾಗ, ನಾವು ಮೂವರೂ ಶ್ರವಣಬೆಳಗೊಳದ ಮೇಲೆ ಹೋಗುವ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ತಂದೆಯ ಜೇಬಿನಲ್ಲಿದ್ದುದು ಮೆಣಸು ಮಾರಿದ ದುಡ್ಡು. ಹುಡುಗ ಅಂಗಡಿಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲಿದ್ದ ಚೂಪು ಕೊಂಬುಗಳ ಕಪ್ಪು ಗಿಟಾರಿನ ಮುಂದೆ ನಿಂತುಬಿಟ್ಟ. ನಾನು ಅದನ್ನು ಇಳಿಸಿಕೊಂಡು, ಅತ್ಯಂತ ದಪ್ಪನೆಯ ಆರನೆಯ ತಂತಿಯ ಮೇಲೆ ಹನ್ನೆರಡನೆಯ ಫ್ರೆಟ್ಟಿನ (ಮಣೆಯ ಮೇಲಿನ ಲೋಹದ ಅಡ್ಡಪಟ್ಟಿ) ನೇರಕ್ಕೆ ಬೆರಳನ್ನು ಮುಟ್ಟಿಸಿಯೂ ಮುಟ್ಟಿಸದಂತೆ ಇಟ್ಟು ಮೀಟಿದೆ. ಗಂಟೆಯಂಥ ಹಾರ್ಮೋನಿಕ್ ಸ್ವರ ಬಂತು. ಆಮೇಲೆ ಅದೇ ಜಾಗದಲ್ಲಿ ತಂತಿಯನ್ನು ಒತ್ತಿ ಮೀಟಿದೆ. ಎರಡೂ ಒಂದೇ ಸ್ವರವಾಗಿರಬೇಕು. ಆದರೆ ಒತ್ತಿದಾಗ ಬಂದ ಸ್ವರ ಸ್ಪಷ್ಟವಾಗಿ ಏರಿತ್ತು. ಸಂಗೀತ ಕಲಿಯದ ತಂದೆಯೇ ಮೊದಲು ಹೇಳಿದರು: "ಎರಡೂ ಒಂದೇ ಥರ ಇಲ್ವಲ್ಲ ಮೇಷ್ಟ್ರೇ."

ಇಂಥ ದೋಷವನ್ನು ಸಾಮಾನ್ಯವಾಗಿ ಬ್ರಿಡ್ಜಿನ ಮೇಲೆ ತಂತಿ ಒರಗುವ ಸ್ಯಾಡಲನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ ಸರಿಸಿ ಸರಿಪಡಿಸಬಹುದು. ಆದರೆ ಆ ಗಿಟಾರಿನಲ್ಲಿ ಸ್ಯಾಡಲ್ ಆಗಲೇ ಕೊನೆಯ ತುದಿಗೆ ಬಂದಿತ್ತು, ಸರಿಸಲು ಜಾಗವೇ ಉಳಿದಿರಲಿಲ್ಲ. ಕುತ್ತಿಗೆಯ ಅಂಚಿನ ಮೇಲೆ ಅಂಗೈಯನ್ನು ಮೇಲಿನಿಂದ ಕೆಳಗೆ ಸವರಿ ನೋಡಿ ಎಂದು ತಂದೆಗೆ ಕೊಟ್ಟೆ. ಅರ್ಧ ದಾರಿಯಲ್ಲೇ ಅವರು ಕೈ ತೆಗೆದರು; ಫ್ರೆಟ್ಟುಗಳ ತುದಿಗಳು ಗರಗಸದ ಹಲ್ಲಿನಂತೆ ಹೊರಕ್ಕೆ ಚಾಚಿದ್ದವು. ಹುಡುಗನಿಗೆ ಬೇಸರವಾಯಿತು. ಆದರೆ ಅದಕ್ಕಿಂತ ಕಡಿಮೆ ಬೆಲೆಯ, ಬಿಳಿ ಬಣ್ಣದ ಇನ್ನೊಂದು ಗಿಟಾರನ್ನು ಅರ್ಧ ಗಂಟೆ ತೊಡೆಯ ಮೇಲಿಟ್ಟುಕೊಂಡು ನುಡಿಸಿದ ಮೇಲೆ ಅವನೇ ಕಪ್ಪು ಗಿಟಾರಿನ ಕಡೆ ನೋಡುವುದನ್ನು ಬಿಟ್ಟ.

ಉಳಿದ ಪರೀಕ್ಷೆಗಳು ಸರಳ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲಿ ಒತ್ತಿ ಮೀಟಿ, ಎಲ್ಲಿಯಾದರೂ ಸ್ವರ ಜರ್ರೆನ್ನುತ್ತದೆಯೇ ಅಥವಾ ಸತ್ತುಹೋಗುತ್ತದೆಯೇ ಎಂದು ಕೇಳಬೇಕು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಅಂತರ ದಪ್ಪ ತಂತಿಗೆ 2 ಮಿ.ಮೀ., ಸಣ್ಣ ತಂತಿಗೆ ಒಂದೂವರೆ ಮಿ.ಮೀ. ಆಸುಪಾಸಿನಲ್ಲಿದ್ದರೆ ಬೆರಳಿಗೆ ಹಿತ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಂದೂಕಿನ ಗುರಿ ನೋಡುವಂತೆ ಕುತ್ತಿಗೆಯ ಉದ್ದಕ್ಕೂ ನೋಡಿದರೆ ಅದು ತಿರುಚಿಕೊಂಡಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸ್ವಲ್ಪ ಬಾಗಿದ್ದರೆ ಒಳಗಿರುವ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ ಸರಿಮಾಡಬಹುದು. ತಿರುಚಿದ್ದರೆ ಅದನ್ನು ಅಲ್ಲೇ ಬಿಟ್ಟು ಬರಬೇಕು. ಕೊನೆಗೆ ಆಂಪಿಗೆ ಜೋಡಿಸಿ ವಾಲ್ಯೂಮ್ ತಿರುಗಿಸಿ, ಕೇಬಲ್ಲಿನ ತುದಿಯನ್ನು ಮೆಲ್ಲಗೆ ಅಲುಗಿಸಿ, ಕರಕರ ಸದ್ದು ಬರುತ್ತದೆಯೇ ಎಂದು ನೋಡಬೇಕು. ಆನ್‌ಲೈನಿನಲ್ಲಿ ತರಿಸಿಕೊಳ್ಳುವುದೇ ಆದರೆ ಹಿಂದಿರುಗಿಸುವ ಅವಧಿಯೊಳಗೆ ಇದನ್ನೆಲ್ಲ ಮಾಡಿ ಮುಗಿಸಬೇಕು.

ಹೆಸರುಗಳ ಮಾತು. ಯಮಾಹಾದ ಪೆಸಿಫಿಕಾ 012 ಮತ್ತು 112 ಎರಡೂ ನಾನು ಹೇಳಿದ ಎಚ್‌ಎಸ್‌ಎಸ್ ಜೋಡಣೆಯವು, ನನ್ನ ಮೊದಲ ಸಲಹೆ ಅವೇ. ಫೆಂಡರ್ ಕಂಪನಿಯದೇ ಅಗ್ಗದ ಹೆಸರು ಸ್ಕ್ವಯರ್, ಗಿಬ್ಸನ್‌ನದು ಎಪಿಫೋನ್. ಐಬನೀಜ್‌ನ ಜಿಯೊ ಸರಣಿಯ ಕುತ್ತಿಗೆ ತೆಳುವಾಗಿರುವುದರಿಂದ ರಾಕ್‌ನ ಗಡುಸು ಬಗೆಯಾದ ಮೆಟಲ್ ನುಡಿಸುವ ಆಸೆಯುಳ್ಳವರಿಗೆ ಇಷ್ಟವಾಗುತ್ತದೆ. ಕೊರಿಯಾದ ಕೋರ್ಟ್ ಕೂಡ ನಂಬಬಹುದಾದ ಹೆಸರು. ಕೈ ಚಿಕ್ಕದಿರುವವರು ಇನ್ನೊಂದನ್ನು ಗಮನಿಸಬೇಕು: ಫೆಂಡರ್ ಮಾದರಿಯಲ್ಲಿ ತಂತಿಯ ಕಂಪಿಸುವ ಉದ್ದ 25.5 ಅಂಗುಲ, ಗಿಬ್ಸನ್ ಮಾದರಿಯಲ್ಲಿ 24.75 ಅಂಗುಲ. ಎರಡನೆಯದರಲ್ಲಿ ಫ್ರೆಟ್ಟುಗಳು ಹತ್ತಿರ, ತಂತಿಯೂ ಮೆತ್ತಗೆ.

ಸೆಕೆಂಡ್ ಹ್ಯಾಂಡ್ ಗಿಟಾರಿನ ಬಗ್ಗೆ ಸಂಕೋಚ ಬೇಡ. ಎಂಜಿನಿಯರಿಂಗ್ ಕೊನೆಯ ವರ್ಷ ಮುಗಿಸಿ ಊರು ಬಿಡುವ ಹುಡುಗರು ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಒಳ್ಳೆಯ ಗಿಟಾರುಗಳನ್ನು ಮಾರಿ ಹೋಗುತ್ತಾರೆ. ಹಾಸ್ಟೆಲುಗಳಲ್ಲಿ ವಿಚಾರಿಸಿ. ಫ್ರೆಟ್ಟುಗಳ ಮೇಲೆ ತಂತಿ ಕೊರೆದ ಗುಳಿಗಳು ಆಳವಾಗಿಲ್ಲದಿದ್ದರೆ, ಟ್ರಸ್ ರಾಡ್ ತಿರುಗುತ್ತಿದ್ದರೆ, ಹೊಸದರ ಅರ್ಧ ಬೆಲೆಗೆ ಧೈರ್ಯವಾಗಿ ಕೊಳ್ಳಬಹುದು.

ಹಣವನ್ನು ಹಂಚುವ ರೀತಿಯಲ್ಲಿ ಬಹಳ ಜನ ಎಡವುತ್ತಾರೆ. ಒಟ್ಟು 20,000 ರೂಪಾಯಿ ಇದೆ ಎಂದುಕೊಳ್ಳಿ. ಹನ್ನೆರಡು ಹದಿಮೂರು ಸಾವಿರವನ್ನು ಗಿಟಾರಿಗೆ, ಐದು ಸಾವಿರದ ಆಸುಪಾಸನ್ನು ಆಂಪಿಗೆ ಇಟ್ಟು, ಉಳಿದುದನ್ನು ಕೇಬಲ್, ಹೆಗಲಿನ ಪಟ್ಟಿ, ಒಂದು ಜೊತೆ ಹೆಚ್ಚುವರಿ ತಂತಿ ಮತ್ತು ಸೆಟಪ್‌ಗಾಗಿ ಉಳಿಸಿಕೊಳ್ಳಿ ಎನ್ನುತ್ತೇನೆ. ಸೆಟಪ್ ಎಂದರೆ ತಂತಿಯ ಎತ್ತರ, ಕುತ್ತಿಗೆಯ ಬಾಗು, ಸ್ವರಸ್ಥಾನ ಇವುಗಳನ್ನು ತಿಳಿದವರ ಕೈಯಲ್ಲಿ ಹೊಂದಿಸಿಕೊಳ್ಳುವುದು. ಕಾರ್ಖಾನೆಯಿಂದ ಬಂದ ಅಗ್ಗದ ಗಿಟಾರಿಗೆ ಇದನ್ನು ಮಾಡಿಸಿದ ದಿನವೇ ಅದು ಬೇರೆ ಗಿಟಾರಿನಂತೆ ಆಗಿಬಿಡುತ್ತದೆ. ಮನೆಯಲ್ಲಿ ಅಭ್ಯಾಸ ಮಾಡಲು 10ರಿಂದ 15 ವಾಟ್‌ನ ಆಂಪ್ ಸಾಕು, ಆದರೆ ಹೆಡ್‌ಫೋನ್ ಹಾಕಲು ಜಾಗವಿರಲೇಬೇಕು. ರಾತ್ರಿ ಹತ್ತರ ಮೇಲೂ ನುಡಿಸಬಹುದು, ಮನೆಯವರ ನಿದ್ದೆಯೂ ಕೆಡುವುದಿಲ್ಲ. ಟಿವಿಯ ಜೊತೆಗಿರುವ ಹೋಮ್ ಥಿಯೇಟರಿಗೆ ಗಿಟಾರನ್ನು ನೇರವಾಗಿ ಜೋಡಿಸಿದರೆ ಸದ್ದು ತೆಳ್ಳಗೆ, ಕೀರಲಾಗಿ ಬರುತ್ತದೆ.

ಆಂಪಿನ ಮಾತು ಬಂದಾಗ ವಿದ್ಯುತ್ ಸುರಕ್ಷತೆಯನ್ನು ಕಡೆಗಣಿಸುವಂತಿಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ, ತೋಟದ ಲೈನುಗಳಲ್ಲಿ, ಪ್ಲಗ್ಗಿಗೆ ಮೂರು ರಂಧ್ರಗಳಿದ್ದರೂ ಅರ್ಥಿಂಗ್ ತಂತಿ ಎಷ್ಟೋ ಕಡೆ ನೆಲದವರೆಗೆ ತಲುಪಿರುವುದೇ ಇಲ್ಲ. ಗಿಟಾರಿನ ತಂತಿಗಳು ಬ್ರಿಡ್ಜಿನ ಮೂಲಕ ಆಂಪಿನ ಅರ್ಥಿಗೆ ಸೇರಿರುತ್ತವೆ. ತಂತಿ ಮುಟ್ಟಿದಾಗ ಜುಮ್ಮೆಂದರೆ ಅದು ಗಿಟಾರಿನ ಗುಣವೆಂದು ಸುಮ್ಮನಿರದೆ ಆ ಕ್ಷಣವೇ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಬೇಕು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸುವುದು ಪ್ರಾಣಾಪಾಯದ ಕೆಲಸ.

ಮೊದಲು ಆಂಪ್ ಬೇಡದ ಅಕೂಸ್ಟಿಕ್ ಗಿಟಾರ್ ಕಲಿತು ಆಮೇಲೆ ಎಲೆಕ್ಟ್ರಿಕ್ ಹಿಡಿಯಬೇಕೇ ಎಂದು ತಂದೆತಾಯಿಯರು ಕೇಳುತ್ತಾರೆ. ಬೇಕಾಗಿಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ತೆಳು, ಒತ್ತಲು ಹಗುರ. ರಾಕ್ ಕೇಳಿ ಬೆಳೆದ ಮಗುವಿಗೆ ಆ ನಾದವೇ ಅಭ್ಯಾಸಕ್ಕೆ ಕೂರಿಸುತ್ತದೆ.

ಕೊಂಡ ಮೇಲಿನ ಆರೈಕೆಯಲ್ಲಿ ನಮ್ಮ ಜಿಲ್ಲೆಗಳವರಿಗೆ ಒಂದು ವಿಶೇಷ ಜವಾಬ್ದಾರಿಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಬಟ್ಟೆಯೇ ಒಣಗದ ತೇವದಲ್ಲಿ ಮರ ಉಬ್ಬಿ ಕುತ್ತಿಗೆ ಕದಲುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ, ಬ್ಯಾಗಿನೊಳಗೆ ಬೂಷ್ಟು ಬರುತ್ತದೆ. ಫೆಬ್ರುವರಿಯ ಒಣ ಹವೆಯಲ್ಲಿ ಮಣೆ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಗೆ ಇಣುಕುತ್ತವೆ. ಆದ್ದರಿಂದ ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ಬೇಸಿಗೆಗೆ ಮುನ್ನ ಒಮ್ಮೆ ಸೆಟಪ್ ನೋಡಿಸಿಕೊಳ್ಳಬೇಕು. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ, ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು, ಹೊರಗಿನ ಗೋಡೆಗೆ ಒರಗಿಸದೆ ಒಳಗಿನ ಕೋಣೆಯಲ್ಲಿ ಇಡಬೇಕು. ಅಟ್ಟದ ಮೇಲೆ ಬೇಡ, ಒಲೆಯ ಹತ್ತಿರವೂ ಬೇಡ. ಮೂಡಿಗೆರೆಯ ಆ ಹುಡುಗ ತನ್ನ ಬಿಳಿ ಗಿಟಾರನ್ನು, ಮನೆಯಲ್ಲಿ ಮೆಣಸಿನ ಚೀಲಗಳನ್ನು ತೇವ ತಾಗದಂತೆ ಇಡುವ ಒಳಕೋಣೆಯಲ್ಲೇ, ನೆಲ ಮುಟ್ಟದಂತೆ ಹಲಗೆಯ ಮೇಲೆ ಇಟ್ಟುಕೊಂಡಿದ್ದಾನೆ. ಕಳೆದ ಮಳೆಗಾಲ ಮುಗಿದ ಮೇಲೆ ತಂದು ತೋರಿಸಿದಾಗ ನಾನು ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿದೆ, ತಂತಿ ಬದಲಿಸಿದೆ. ಬೇರೆ ಏನನ್ನೂ ಮಾಡಬೇಕಾಗಿ ಬರಲಿಲ್ಲ.